ಹಿನ್ನೀರಿನ ಮೀನು: ಬಂಡವಾಳವೋ, ಆದಾಯವೋ?

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಅವಧಿಯಲ್ಲಿ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿಗಳ ಆವಕ ಕುಗ್ಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಪೇಟೆಗಳಲ್ಲಿ ಸಿಹಿನೀರಿನ ಮೀನಿಗೆ ಬೇಡಿಕೆಯೂ ಬೆಲೆಯೂ ಏರುತ್ತವೆ. ಇದೇ ಎರಡು ತಿಂಗಳುಗಳಲ್ಲಿ ಮಲೆನಾಡಿನ ಹಳ್ಳಗಳು ಉಕ್ಕಿ, ಮೊಟ್ಟೆ ತುಂಬಿದ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲಕ್ಕೇರಿ, ಗದ್ದೆಬಯಲಿನವರೆಗೂ ಬರುತ್ತವೆ. ಇವನ್ನೇ ಮಲೆನಾಡಿಗರು ಹತ್ತುಮೀನು ಎನ್ನುವುದು. ಹಳ್ಳಕ್ಕೆ ಅಡ್ಡಲಾಗಿ ಕೂಣಿ ಒಡ್ಡಿದರೆ ಸಾಕು, ಹೆಚ್ಚಿನ ಶ್ರಮವಿಲ್ಲದೆ ಬುಟ್ಟಿ ತುಂಬುತ್ತದೆ.

ಬೆಲೆ ಅತ್ಯಧಿಕವಾಗಿರುವಾಗಲೇ ಸರಕು ಅತಿ ಸುಲಭವಾಗಿ ಕೈಗೆ ಸಿಗುವುದು ವ್ಯಾಪಾರದಲ್ಲಿ ಅಪರೂಪದ ಯೋಗ. ಆದರೆ ಇಲ್ಲಿ ಮಾರಾಟವಾಗುತ್ತಿರುವುದು ಸರಕೋ, ಸರಕನ್ನು ಉತ್ಪಾದಿಸುವ ಯಂತ್ರವೋ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ. ಗಿರಣಿಯ ಮಾಲೀಕನೊಬ್ಬನು ಪ್ರತಿ ವರ್ಷ ಒಂದೊಂದು ಯಂತ್ರವನ್ನು ಮಾರಿ, ಬಂದ ಹಣವನ್ನು ಲಾಭ-ನಷ್ಟದ ತಖ್ತೆಯ ಜಮಾ ಬದಿಗೆ ಬರೆದರೆ ಯಾವ ಲೆಕ್ಕಪರಿಶೋಧಕನೂ ಅದನ್ನು ಒಪ್ಪಲಾರನು. ಮೀನಿನ ವಿಷಯದಲ್ಲಿ ಮಾತ್ರ ಅಂತಹ ಲೆಕ್ಕವೇ ಸರ್ವಸಮ್ಮತವಾಗಿ ನಡೆದುಬಂದಿದೆ. ಪ್ರಸ್ತುತ ಲೇಖನದಲ್ಲಿ ನಿಟ್ಟೂರು ಸೀಮೆಯ ಹಿನ್ನೀರನ್ನು ಉದಾಹರಣೆಯಾಗಿ ಇರಿಸಿಕೊಂಡು ಈ ಲೆಕ್ಕವನ್ನು ಪರಿಶೀಲಿಸಲಾಗಿದೆ.

ಜಲಾಶಯದ ಪರಿಚಯ

ಹೊಸನಗರ ತಾಲ್ಲೂಕಿನ ನಿಟ್ಟೂರು, ನಾಗೋಡಿ ಘಟ್ಟದ ಮೂಲಕ ಕೊಲ್ಲೂರಿಗೆ ಇಳಿಯುವ ರಸ್ತೆಯಲ್ಲಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಅದಕ್ಕೂ ಮೊದಲು ಮಡೆನೂರಿನಲ್ಲಿದ್ದ ಹಿರೇಭಾಸ್ಕರ ಅಣೆಕಟ್ಟು ಈ ಹೊಸ ಜಲಾಶಯದಲ್ಲಿಯೇ ಮುಳುಗಿಹೋಯಿತು. ಸಮುದ್ರಮಟ್ಟದಿಂದ 1819 ಅಡಿಗಳ ಪೂರ್ಣಮಟ್ಟದಲ್ಲಿ ಲಿಂಗನಮಕ್ಕಿಯ ನೀರು ಸುಮಾರು 300 ಚದರ ಕಿಲೋಮೀಟರ್, ಅಂದರೆ 30,000 ಹೆಕ್ಟೇರ್ ಪ್ರದೇಶವನ್ನು ಆವರಿಸುತ್ತದೆ. ನಂದಿಹೊಳೆ, ಹರಿದ್ರಾವತಿ, ಹಿಲ್ಕುಂಜಿ, ಎಣ್ಣೆಹೊಳೆ, ಹುರುಳಿಹೊಳೆ, ನಾಗೋಡಿಹೊಳೆ ಮೊದಲಾದವು ಇದಕ್ಕೆ ನೀರುಣಿಸುವ ಉಪನದಿಗಳು. ಚಕ್ರಾ, ಸಾವೇಹಕ್ಲು ಎಂಬ ಚಿಕ್ಕ ಜಲಾಶಯಗಳ ನೀರನ್ನೂ ಇದಕ್ಕೆ ತಿರುಗಿಸಲಾಗಿದೆ.

ಇದು ವಿದ್ಯುಚ್ಛಕ್ತಿಗಾಗಿ ಕಟ್ಟಿದ ಜಲಾಶಯವೇ ಹೊರತು ಮೀನಿಗಾಗಿ ಕಟ್ಟಿದ್ದಲ್ಲ. ಮಳೆಗಾಲದ ಕೊನೆಗೆ ತುಂಬಿ, ಬೇಸಿಗೆಯ ಕೊನೆಗೆ ಇಳಿದುಹೋಗುವ ನೀರಿನಲ್ಲಿ ದಂಡೆಯ ಜಲಸಸ್ಯಗಳು ನೆಲೆಯೂರುವುದು ಕಷ್ಟ. ಜಂಬಿಟ್ಟಿಗೆ ನೆಲದ ಮೇಲೆ ಸುರಿದ ಭಾರೀ ಮಳೆಯ ನೀರಾದುದರಿಂದ ಕರಗಿದ ಪೋಷಕಾಂಶಗಳೂ ಅಲ್ಪ. ಮುಳುಗಿದ ಕಾಡಿನ ಒಣಗಿದ ಮರಗಳು ಇಂದಿಗೂ ನೀರಿನಿಂದ ಮೇಲೆದ್ದು ನಿಂತಿದ್ದು, ಬಲೆಗಳನ್ನು ಹರಿಯುತ್ತವೆ. ಈ ಕಾರಣಗಳಿಂದ ಬಯಲುಸೀಮೆಯ ಗೊಬ್ಬರದ ಕೆರೆಯ ಇಳುವರಿಯನ್ನು ಇಲ್ಲಿ ನಿರೀಕ್ಷಿಸುವುದು ವಿವೇಕವಲ್ಲ.

ಭಾರತದ ಜಲಾಶಯಗಳ ಮೀನುಗಾರಿಕೆಯನ್ನು ಕುರಿತು ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಸುಗುಣನ್ ಅವರು ಸಿದ್ಧಪಡಿಸಿದ ವರದಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1995ರಲ್ಲಿ ಪ್ರಕಟಿಸಿತು. ಅದರ ಪ್ರಕಾರ 1,000 ಹೆಕ್ಟೇರಿಗಿಂತ ಕಿರಿದಾದ ಜಲಾಶಯಗಳಲ್ಲಿ ಹೆಕ್ಟೇರಿಗೆ ವಾರ್ಷಿಕ ಇಳುವರಿ 49.9 ಕಿಲೋ, ಮಧ್ಯಮ ಜಲಾಶಯಗಳಲ್ಲಿ 12.3 ಕಿಲೋ, 5,000 ಹೆಕ್ಟೇರಿಗೂ ಮೀರಿದ ದೊಡ್ಡ ಜಲಾಶಯಗಳಲ್ಲಿ 11.43 ಕಿಲೋ. ದೊಡ್ಡ ಜಲಾಶಯಗಳಲ್ಲಿ ಸರಿಯಾದ ನಿರ್ವಹಣೆಯಿದ್ದರೆ 50 ಕಿಲೋವರೆಗೆ ಸಾಧ್ಯವೆಂಬ ಅಂದಾಜೂ ಇದೆ. ಗಾತ್ರ ಹೆಚ್ಚಿದಂತೆ ಹೆಕ್ಟೇರುವಾರು ಉತ್ಪನ್ನ ಕುಗ್ಗುವ ಈ ಸಂಗತಿಯನ್ನು ಹೂಡಿಕೆದಾರರು ಗಮನಿಸಬೇಕು. ಚಕ್ರಾ, ಸಾವೇಹಕ್ಲುಗಳಂತಹ ಚಿಕ್ಕ ಜಲಾಶಯದಲ್ಲಿ ಬಿತ್ತಿದ ಮರಿಯನ್ನು ಮರಳಿ ಹಿಡಿಯುವ ಸಾಧ್ಯತೆ ಹೆಚ್ಚು. ಲಿಂಗನಮಕ್ಕಿಯಂತಹ ವಿಸ್ತಾರದಲ್ಲಿ ಬಿತ್ತಿದ್ದು ಎಲ್ಲಿ ಹೋಯಿತೆಂದು ಹೇಳುವವರಿಲ್ಲ.

ದೇಶದ ಸರಾಸರಿಯನ್ನೇ ಅನ್ವಯಿಸಿದರೆ 30,000 ಹೆಕ್ಟೇರಿಗೆ ವರ್ಷಕ್ಕೆ ಸುಮಾರು 343 ಟನ್ ಆಗುತ್ತದೆ. ಆದರೆ ಇದರಲ್ಲಿ ಒಂದು ಕಡಿತವಿದೆ. 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯದ 431 ಚದರ ಕಿಲೋಮೀಟರುಗಳ ಪೈಕಿ ಸುಮಾರು 128 ಚದರ ಕಿಲೋಮೀಟರ್ ಈ ಜಲಾಶಯದ ನೀರೇ ಆಗಿದೆ. 2019ರಲ್ಲಿ ಅಭಯಾರಣ್ಯವನ್ನು ಸಿಂಗಳೀಕಗಳ ಸಂರಕ್ಷಣೆಗಾಗಿ ಮತ್ತಷ್ಟು ವಿಸ್ತರಿಸಲಾಯಿತು. 1972ರ ಆ 128 ಚದರ ಕಿಲೋಮೀಟರುಗಳನ್ನು ಮಾತ್ರ ಕಳೆದರೂ ಉಳಿಯುವುದು 17,200 ಹೆಕ್ಟೇರ್, ಇಳುವರಿ ಸುಮಾರು 197 ಟನ್. ಇದು ಪೂರ್ಣಮಟ್ಟದ ವಿಸ್ತೀರ್ಣದ ಮೇಲಿನ ಲೆಕ್ಕವಾಗಿದ್ದು, ಬೇಸಿಗೆಯಲ್ಲಿ ನೀರು ಸಂಕುಚಿಸುವುದನ್ನು ಗಣನೆಗೆ ತೆಗೆದುಕೊಂಡಿಲ್ಲ. ಮಂಜುಗಡ್ಡೆ ಕಾರ್ಖಾನೆಯನ್ನೋ ಶೀತಲಗೃಹವನ್ನೋ ಯೋಜಿಸುವ ಉದ್ಯಮಿಯು ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ 30,000 ಹೆಕ್ಟೇರನ್ನು 50 ಕಿಲೋಗಳಿಂದ ಗುಣಿಸಿ 1,500 ಟನ್ ಎಂದು ನಮೂದಿಸುವುದು ಸುಲಭ. ಅಂತಹ ವರದಿಗೆ ಸಾಲವೂ ಮಂಜೂರಾಗಬಹುದು. ಕಂತು ತೀರಿಸುವಾಗ ಮಾತ್ರ ಗುಣಾಕಾರದ ದೋಷ ಗೋಚರವಾಗುತ್ತದೆ.

ಅಸಲು ಮತ್ತು ಬಡ್ಡಿ

ಮೀನಿನ ಸಂತತಿಯ ಬೆಳವಣಿಗೆ ಚಕ್ರಬಡ್ಡಿಯಂತೆ ಅನಿಯಮಿತವಾದುದಲ್ಲ. ನೀರು ಎಷ್ಟು ಮೀನನ್ನು ಪೋಷಿಸಬಲ್ಲದೋ ಅದಕ್ಕೊಂದು ಮಿತಿಯಿದೆ. ಮಿತಿಯನ್ನು ಸಮೀಪಿಸಿದಂತೆ ಆಹಾರ ಹಂಚಿಹೋಗಿ ಬೆಳವಣಿಗೆ ಕುಂಠಿತವಾಗುತ್ತದೆ. ಸಂತತಿ ಮಿತಿಯ ಅರ್ಧದಷ್ಟಿರುವಾಗ ವಾರ್ಷಿಕ ವೃದ್ಧಿ ಗರಿಷ್ಠ ಎಂಬುದು 1950ರ ದಶಕದಲ್ಲಿ ಷೇಫರ್ ಎಂಬ ಮತ್ಸ್ಯವಿಜ್ಞಾನಿ ಪ್ರಚುರಪಡಿಸಿದ ಸೂತ್ರದ ಸಾರ.

ಒಂದು ಕಾಲ್ಪನಿಕ ಕೆರೆಯನ್ನು ತೆಗೆದುಕೊಳ್ಳೋಣ. ಅದು ಹೆಚ್ಚೆಂದರೆ 100 ಟನ್ ಮೀನನ್ನು ಪೋಷಿಸಬಲ್ಲದು; ಅಡೆತಡೆಯಿಲ್ಲದಾಗ ವೃದ್ಧಿದರ ವರ್ಷಕ್ಕೆ ಶೇಕಡ 40. ಕೆರೆಯಲ್ಲಿ 90 ಟನ್ ಇದ್ದಾಗ ವಾರ್ಷಿಕ ವೃದ್ಧಿ 3.6 ಟನ್, 50 ಟನ್ ಇದ್ದಾಗ 10 ಟನ್, 20 ಟನ್ ಇದ್ದಾಗ 6.4 ಟನ್, 10 ಟನ್ ಇದ್ದಾಗ ಮರಳಿ 3.6 ಟನ್. ಇಲ್ಲೊಂದು ಸ್ವಾರಸ್ಯವಿದೆ. 90 ಟನ್ ಅಸಲಿನ ಮೇಲೂ 10 ಟನ್ ಅಸಲಿನ ಮೇಲೂ ಬರುವ ಬಡ್ಡಿ ಒಂದೇ. ಆದರೆ ಮೊದಲನೆಯ ಕೆರೆಯಲ್ಲಿ ಒಂದು ರಾತ್ರಿ ಬಲೆ ಬಿಟ್ಟು ಹಿಡಿಯುವಷ್ಟನ್ನು ಎರಡನೆಯದರಲ್ಲಿ ಹಿಡಿಯಲು ಸುಮಾರು ಒಂಬತ್ತು ರಾತ್ರಿ ಬೇಕು. ಆದಾಯ ಸಮಾನ, ಖರ್ಚು ಒಂಬತ್ತು ಪಟ್ಟು. ಮೀನುಗಾರರ ಬಡತನಕ್ಕೆ ಇದೊಂದು ಮುಖ್ಯ ಕಾರಣ. ಹೆಚ್ಚು ಬಲೆ, ಹೆಚ್ಚು ತೆಪ್ಪಗಳಿಗೆ ಸಾಲ ಕೊಡುವುದರಿಂದ ಈ ರೋಗ ಉಲ್ಬಣಿಸುತ್ತದೆಯೇ ಹೊರತು ಶಮನವಾಗುವುದಿಲ್ಲ.

ಈಗ ಅದೇ ಕೆರೆಯಲ್ಲಿ 50 ಟನ್ ಅಸಲು ಇದೆಯೆಂದೂ, ಗುತ್ತಿಗೆದಾರನು ವರ್ಷಕ್ಕೆ 10 ಟನ್ನಿನ ಬದಲು 12 ಟನ್ ತೆಗೆಯುತ್ತಾನೆಂದೂ ಭಾವಿಸೋಣ. ಎರಡೇ ಟನ್ ಹೆಚ್ಚುವರಿ. ಐದು ವರ್ಷಗಳ ಕೊನೆಗೆ ಅಸಲು 39.5 ಟನ್ನಿಗೆ ಇಳಿದಿರುತ್ತದೆ. ಹತ್ತನೆಯ ವರ್ಷದ ಕೊನೆಗೆ 24 ಟನ್. ಆನಂತರದ ಇಳಿಕೆ ತೀವ್ರ: ಹನ್ನೆರಡನೆಯ ವರ್ಷಕ್ಕೆ 13.7, ಹದಿಮೂರನೆಯ ವರ್ಷಕ್ಕೆ 6.4. ಹದಿನಾಲ್ಕನೆಯ ವರ್ಷ 12 ಟನ್ ಹಿಡಿಯಲು ಕೆರೆಯಲ್ಲಿ ಮೀನೇ ಇರುವುದಿಲ್ಲ. ಗಮನಿಸಬೇಕಾದದ್ದೇನೆಂದರೆ, ಹದಿಮೂರು ವರ್ಷವೂ ಮಾರಾಟದ ಪುಸ್ತಕದಲ್ಲಿ 12 ಟನ್ ಎಂದೇ ಬರೆದಿರುತ್ತದೆ. ಆಸ್ತಿ-ಹೊಣೆ ತಖ್ತೆ ಇಲ್ಲದೆ ಕೇವಲ ಜಮಾ-ಖರ್ಚು ಇಡುವ ವ್ಯವಹಾರವೊಂದು ದಿವಾಳಿಯ ಹಿಂದಿನ ದಿನದವರೆಗೂ ಲಾಭದಲ್ಲಿರುವಂತೆ ಕಾಣುವುದು ಹೀಗೆಯೇ. ಐದು ವರ್ಷದ ಗುತ್ತಿಗೆ ಪಡೆದವನಿಗಂತೂ ಅಸಲಿನ ಇಳಿಕೆಯಿಂದ ಯಾವ ನಷ್ಟವೂ ಇಲ್ಲ. ಅದು ಮುಂದಿನ ಗುತ್ತಿಗೆದಾರನ ತಲೆಯ ಮೇಲೆ ಬೀಳುತ್ತದೆ.

ತಗ್ಗಿಸುವುದು ಸದಾ ಹಾನಿಯೆಂದು ಇದರ ಅರ್ಥವಲ್ಲ. ಇಂಗ್ಲೆಂಡಿನ ಉತ್ತರ ಭಾಗದ ವಿಂಡರ್‌ಮಿಯರ್ ಎಂಬ ಸರೋವರ 15 ಚದರ ಕಿಲೋಮೀಟರಿಗೂ ಚಿಕ್ಕದು. ಎರಡನೆಯ ಮಹಾಯುದ್ಧದ ಆಹಾರಾಭಾವದಲ್ಲಿ, 1941ರಿಂದ, ಅಲ್ಲಿನ ಪರ್ಚ್ ಎಂಬ ಸಣ್ಣ ಮೀನುಗಳನ್ನು ಬೋನುಗಳಿಂದ ಅಪಾರ ಪ್ರಮಾಣದಲ್ಲಿ ಹಿಡಿದು, ಡಬ್ಬಿಗಳಲ್ಲಿ ತುಂಬಿ ‘ಪರ್ಚೀನ್ಸ್’ ಎಂಬ ಹೆಸರಿನಲ್ಲಿ ಮಾರಲಾಯಿತು. ಕಿಕ್ಕಿರಿದಿದ್ದ ಸಂತತಿ ತೆರವಾದಾಗ ಉಳಿದ ಮೀನುಗಳು ಮೊದಲಿಗಿಂತ ದೊಡ್ಡದಾಗಿ ಬೆಳೆದವು. ವಿಜ್ಞಾನಿಗಳು ಅಂದಿನಿಂದಲೂ ಆ ಸರೋವರದ ಮೀನುಗಳ ಲೆಕ್ಕವನ್ನು ಇಟ್ಟುಕೊಂಡು ಬಂದಿದ್ದರಿಂದಲೇ, 1976ರಲ್ಲಿ ರೋಗವೊಂದು ಪರ್ಚ್ ಸಂತತಿಯ ಬಹುಭಾಗವನ್ನು ಕೊಂದಾಗ ನಷ್ಟದ ಪ್ರಮಾಣವನ್ನು ನಿಖರವಾಗಿ ಹೇಳಲು ಸಾಧ್ಯವಾಯಿತು. ಅಲ್ಲಿದ್ದದ್ದು ದಾಖಲೆ, ನಮ್ಮಲ್ಲಿ ಹಲವೆಡೆ ಇರುವುದು ನೆನಪು.

ದಾಸ್ತಾನು ಎಣಿಕೆ

ಗೋದಾಮಿನ ಮೂಟೆಗಳನ್ನು ಎಣಿಸಿದಂತೆ ನೀರೊಳಗಿನ ಮೀನನ್ನು ಎಣಿಸಲಾಗದೆಂಬುದು ನಿಜ. ಆದರೆ ಅಂದಾಜಿಗೆ ಮಾರ್ಗಗಳಿವೆ. 19ನೆಯ ಶತಮಾನದ ಕೊನೆಯಲ್ಲಿ ಡೆನ್ಮಾರ್ಕಿನ ಪೀಟರ್ಸನ್ ರೂಪಿಸಿದ ವಿಧಾನ ಸರಳವಾಗಿದೆ. 200 ಮೀನುಗಳನ್ನು ಹಿಡಿದು, ರೆಕ್ಕೆಗೆ ಗುರುತು ಹಾಕಿ ಬಿಡಬೇಕು. ಅವು ಬೆರೆಯಲು ಅವಕಾಶ ಕೊಟ್ಟು ಮತ್ತೆ 150 ಹಿಡಿದಾಗ ಅವುಗಳಲ್ಲಿ 6ಕ್ಕೆ ಗುರುತಿದ್ದರೆ, ಒಟ್ಟು ಸಂಖ್ಯೆ 200ನ್ನು 150ರಿಂದ ಗುಣಿಸಿ 6ರಿಂದ ಭಾಗಿಸಿದಷ್ಟು, ಅಂದರೆ 5,000. ಚಿಕ್ಕ ಜಲಾಶಯಕ್ಕೆ ಇದು ಸಾಧ್ಯ. ಲಿಂಗನಮಕ್ಕಿಯಂತಹ ವಿಸ್ತಾರಕ್ಕೆ ಇನ್ನೂ ಸುಲಭದ ಸೂಚಕವೊಂದಿದೆ: ಒಂದು ಬಲೆ ಒಂದು ರಾತ್ರಿಗೆ ಹಿಡಿದ ಸರಾಸರಿ ತೂಕ. ಒಟ್ಟು ಹಿಡುವಳಿ ಸ್ಥಿರವಾಗಿದ್ದು ಬಲೆವಾರು ತೂಕ ಇಳಿಯುತ್ತಿದ್ದರೆ ಅಸಲು ಕರಗುತ್ತಿದೆಯೆಂದು ತಿಳಿಯಬೇಕು. ಇದಕ್ಕೆ ವಿಜ್ಞಾನಿಯೇ ಬೇಕಾಗಿಲ್ಲ. ಸಂಘದ ಗುಮಾಸ್ತನೊಬ್ಬ, ತಕ್ಕಡಿ ಮತ್ತು ರಿಜಿಸ್ಟರು ಸಾಕು.

ಯಾವ ಮೀನು?

ಜಲಾಶಯಕ್ಕೆ ಬಿತ್ತುವ ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗಾ ಬಯಲಿನ ಮೂಲದವು. ಇವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರದಿಂದ ಇವುಗಳಲ್ಲಿ ಸಂತಾನೋತ್ಪತ್ತಿ ಪ್ರೇರೇಪಿಸಿದ ಬಳಿಕವೇ ದೇಶದಲ್ಲಿ ಮೀನುಮರಿ ಎಂಬ ಉದ್ಯಮ ಬೆಳೆಯಿತು. ಶಿವಮೊಗ್ಗ ಜಿಲ್ಲೆಯ ಬಿ.ಆರ್. ಪ್ರಾಜೆಕ್ಟಿನ ಮೀನುಮರಿ ಉತ್ಪಾದನಾ ಕೇಂದ್ರ ಈ ಭಾಗದವರಿಗೆ ಪರಿಚಿತವೇ. ಮರಿ ಬಿತ್ತುವಾಗ ಸಂಖ್ಯೆಗಿಂತ ಗಾತ್ರ ಮುಖ್ಯ. ಬೆರಳುದ್ದಕ್ಕೂ ಕಿರಿದಾದ ಮರಿಯನ್ನು ಲಕ್ಷಗಟ್ಟಲೆ ಸುರಿದರೆ ಅದು ಬಾಳೆ, ಕೊರವ ಮೊದಲಾದ ಬೇಟೆಗಾರ ಮೀನುಗಳಿಗೆ ಇತ್ತ ಔತಣವಾಗುತ್ತದೆ. ಸುಮಾರು 100 ಮಿಲಿಮೀಟರ್ ಬೆಳೆದ ಮರಿಗೆ ಬೆಲೆ ಹೆಚ್ಚಾದರೂ ಬದುಕುವ ಸಂಭವವೂ ಹೆಚ್ಚು. ಲಕ್ಷದ ಲೆಕ್ಕದಲ್ಲಿ ಖರೀದಿ ಮಾಡಿ ಪೂರೈಕೆದಾರನಿಗೆ ಹಣ ಪಾವತಿಸುವ ಪದ್ಧತಿ ಇರುವವರೆಗೆ ಸಣ್ಣ ಮರಿಯೇ ಬರುತ್ತದೆಂಬುದನ್ನು ಖರೀದಿ ವಿಭಾಗದಲ್ಲಿ ಕೆಲಸ ಮಾಡಿದ ಯಾರಿಗೂ ವಿವರಿಸಬೇಕಾಗಿಲ್ಲ.

ಸ್ಥಳೀಯ ಮೀನುಗಳ ಕಥೆ ಬೇರೆ. ಇವಕ್ಕೆ ಮರಿಯ ಖರ್ಚಿಲ್ಲ, ಹಳ್ಳವೇ ಇವುಗಳ ಮರಿ ಕೇಂದ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಶರಾವತಿ ಜಲಾನಯನದಲ್ಲಿ ನಡೆಸಿದ ಅಧ್ಯಯನದಲ್ಲಿ ಅರವತ್ತಕ್ಕೂ ಹೆಚ್ಚು ಜಾತಿಯ ಮೀನುಗಳು ದಾಖಲಾದವು. 2004ರಲ್ಲಿ ಬಟಾಸಿಯೋ ಶರಾವತಿಯೆನ್ಸಿಸ್ ಎಂಬ ಮೀಸೆಮೀನು, 2006ರಲ್ಲಿ ಶಿಸ್ಟುರಾ ಶರಾವತಿಯೆನ್ಸಿಸ್ ಮತ್ತು ಶಿಸ್ಟುರಾ ನಾಗೋಡಿಯೆನ್ಸಿಸ್ ಎಂಬ ಕಲ್ಲುಸಂದಿಯ ಪುಟ್ಟ ಮೀನುಗಳು ವಿಜ್ಞಾನಕ್ಕೆ ಹೊಸದಾಗಿ ಸೇರ್ಪಡೆಯಾದವು. ನಿಟ್ಟೂರಿನ ನೆರೆಯ ನಾಗೋಡಿಯ ಹೆಸರು ಹೀಗೆ ಜಗತ್ತಿನ ಮತ್ಸ್ಯಶಾಸ್ತ್ರದ ಗ್ರಂಥಗಳಿಗೆ ಸೇರಿತೆಂಬುದು ಆ ಊರಿನ ಹಲವರಿಗೇ ತಿಳಿಯದಿರಬಹುದು. 2007ರಲ್ಲಿ ಪ್ರಕಟವಾದ ಅವರ ಲೇಖನದ ಫಲಿತಾಂಶ ವ್ಯಾಪಾರಿಗಳಿಗೂ ಪ್ರಸ್ತುತ: ನಿತ್ಯಹರಿದ್ವರ್ಣ ಕಾಡು ಉಳಿದು ವರ್ಷವಿಡೀ ಹರಿಯುವ ಪಶ್ಚಿಮದ ಹಳ್ಳಗಳಲ್ಲಿ ಈ ಘಟ್ಟಕ್ಕೇ ಸೀಮಿತವಾದ ಮೀನುಗಳು ಹೆಚ್ಚು, ಕಾಡು ಸವೆದು ಬೇಸಿಗೆಯಲ್ಲಿ ಒಣಗುವ ಪೂರ್ವದ ಹಳ್ಳಗಳಲ್ಲಿ ಕಡಿಮೆ. ಅಂದರೆ ಮೀನಿನ ದಾಸ್ತಾನಿನ ಒಂದು ಭಾಗ ನೀರಿನಲ್ಲಿಲ್ಲ, ಗುಡ್ಡದ ಮೇಲಿದೆ.

ಹೊರಗಿನ ಮೀನನ್ನು ತರುವಾಗ ಎಚ್ಚರ ಅಗತ್ಯ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ ಮಿತಿಮೀರಿ ಹೆಚ್ಚಿ, ಗಾತ್ರದಲ್ಲಿ ಕುಗ್ಗಿ, ಅನೇಕ ಕೆರೆಗಳಲ್ಲಿ ಬೆಲೆಯಿಲ್ಲದ ಸರಕಾಯಿತು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 1997ರಲ್ಲಿಯೇ ನಿಷೇಧಿಸಿದೆ. ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ಬಿಟ್ಟ ನೈಲ್ ಪರ್ಚ್ ರಫ್ತು ಉದ್ಯಮವನ್ನು ಬೆಳೆಸಿತು, ನೂರಾರು ಸ್ಥಳೀಯ ಜಾತಿಗಳನ್ನು ನುಂಗಿತು.

ವ್ಯಾಪಾರಿಯ ಪಾತ್ರ

ಮೀನು ಸಂರಕ್ಷಣೆಯ ಶಾಸನ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿಯೇ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾನೂನಿತ್ತು. ರಾಜ್ಯದಲ್ಲಿ ಆನಂತರ ಬಂದದ್ದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ. ತೋಟೆ ಸಿಡಿಸುವುದು, ನೀರಿಗೆ ವಿಷ ಬೆರೆಸುವುದು ಅಪರಾಧವೆಂದು ಅರಿಯದವರಿಲ್ಲ. ತುಂಗಭದ್ರಾ ಜಲಾಶಯದಲ್ಲಿ ಕುಖ್ಯಾತವಾದ ಅಲಿವಿ ಬಲೆ, ಅಂದರೆ ಮರಿಯನ್ನೂ ಬಿಡದೆ ದಂಡೆಗೆ ಎಳೆದು ತರುವ ಬೃಹತ್ ಬಲೆ, ಏನು ಮಾಡುತ್ತದೆಂಬುದೂ ತಿಳಿದಿದೆ. ಆದರೂ ಸಣ್ಣ ಕಣ್ಣಿನ ಬಲೆ ಏಕೆ ನೀರಿಗಿಳಿಯುತ್ತದೆ?

ಅದಕ್ಕೆ ಉತ್ತರ ಬಹಳ ಸಲ ಮುಂಗಡದಲ್ಲಿದೆ. ಮಳೆಗಾಲದಲ್ಲಿ ದುಡಿಮೆಯಿಲ್ಲದ ಮೀನುಗಾರನಿಗೆ ವ್ಯಾಪಾರಿಯು ಬಲೆಗೂ ಮನೆಖರ್ಚಿಗೂ ಹಣ ಕೊಡುತ್ತಾನೆ. ಹಿಡಿದ ಮೀನನ್ನೆಲ್ಲ ತನಗೇ ಕೊಡಬೇಕೆಂಬುದು ಕರಾರು. ಮುಂಗಡಕ್ಕೆ ಬಡ್ಡಿಯಿಲ್ಲವೆಂದು ಹೇಳಲಾಗುತ್ತದೆಯಾದರೂ ಪೇಟೆ ದರಕ್ಕಿಂತ ಕಡಿಮೆ ಇಟ್ಟ ಖರೀದಿ ದರದಲ್ಲಿ ಬಡ್ಡಿ ಅಡಗಿರುತ್ತದೆ. ಸಾಲ ತೀರಿಸುವ ಆತುರದಲ್ಲಿರುವವನು ಅರ್ಧ ಕಿಲೋದ ಕಾಟ್ಲಾವನ್ನು ಎರಡು ಕಿಲೋ ಆಗುವವರೆಗೆ ಬಿಡಲಾರನು. ತಾನು ಬಿಟ್ಟರೆ ಮತ್ತೊಬ್ಬನು ಹಿಡಿಯುತ್ತಾನೆಂಬ ಭಯವೂ ಅವನಿಗಿದೆ. ಇಲ್ಲಿ ತಪ್ಪಿತಸ್ಥನನ್ನು ಹುಡುಕುವುದು ವ್ಯರ್ಥ. ವ್ಯಾಪಾರಿಗೂ ತನ್ನ ಹಣ ಮರಳುವ ಚಿಂತೆ. ಆದರೆ ಕರಾರಿನ ಷರತ್ತನ್ನು ಬರೆಯುವವನು ವ್ಯಾಪಾರಿಯೇ ಆದುದರಿಂದ, ಬದಲಾವಣೆ ಮೊದಲು ಸಾಧ್ಯವಾಗುವುದೂ ಅಲ್ಲಿಯೇ. ಮುಂಗಡದಲ್ಲಿ ಕೊಡುವ ಬಲೆಯ ಕಣ್ಣಿನ ಅಳತೆಯನ್ನು ನಿಗದಿಪಡಿಸುವುದು, ಒಂದು ಕಿಲೋಗಿಂತ ಮೇಲ್ಪಟ್ಟ ಗೆಂಡೆಗೆ ಎದ್ದುಕಾಣುವಷ್ಟು ಹೆಚ್ಚಿನ ದರ ಕೊಡುವುದು, ಜೂನ್-ಜುಲೈನಲ್ಲಿ ಮೊಟ್ಟೆ ತುಂಬಿದ ಮೀನಿನ ಖರೀದಿಯನ್ನು ಸಂಪೂರ್ಣ ನಿಲ್ಲಿಸುವುದು, ಮರುಪಾವತಿಯ ಮೊದಲ ಕಂತನ್ನು ಮಳೆಗಾಲ ಕಳೆದ ಮೇಲೆ ಇರಿಸುವುದು—ಇವುಗಳಿಗೆ ಸರ್ಕಾರದ ಆದೇಶ ಬೇಕಾಗಿಲ್ಲ. ಮೇಲಿನ ಲೆಕ್ಕದಲ್ಲಿ ಕಂಡ ಎರಡು ಟನ್ನಿನ ಹೆಚ್ಚುವರಿ ತಪ್ಪುವುದು ಇಂತಹ ಷರತ್ತುಗಳಿಂದಲೇ.

ಅಡಿಕೆ ವ್ಯವಹಾರದವರಿಗೂ ಇಲ್ಲಿ ಪಾಲಿದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತು ಮೀನಿನ ಮರಿಗೆ ಅಲ್ಪ ಪ್ರಮಾಣದಲ್ಲಿಯೂ ವಿಷ. ಸಿಂಪಡಣೆಯ ಕಾಲವೂ ಹತ್ತುಮೀನಿನ ಕಾಲವೂ ಒಂದೇ. ಸಿಂಪಡಣೆ ಬಿಡಲಾಗದು, ಆದರೆ ಉಳಿದ ದ್ರಾವಣವನ್ನೂ ಡ್ರಮ್ಮು ತೊಳೆದ ನೀರನ್ನೂ ಹಳ್ಳಕ್ಕೆ ಸುರಿಯದಿರುವುದು ಸಾಧ್ಯ. ಗೊಬ್ಬರದಂಗಡಿಯವರು ಮಾರುವಾಗ ಈ ಒಂದು ಮಾತು ಹೇಳಿದರೆ ಖರ್ಚೇನೂ ಆಗದು.

ಮೀನುಗಾರಿಕೆಯ ಆದಾಯವನ್ನು ಕೃಷಿ ಆದಾಯವೆಂದು ತಿಳಿದು ತೆರಿಗೆ ವಿವರಣೆಯಲ್ಲಿ ಬಿಟ್ಟುಬಿಡುವವರಿದ್ದಾರೆ. ಅದು ಕೃಷಿ ಆದಾಯವಲ್ಲ. ಲೆಕ್ಕಪತ್ರ ಮಾನಕದಲ್ಲಿಯೂ ಒಂದು ಸೂಕ್ಷ್ಮವಿದೆ. ಜೈವಿಕ ಆಸ್ತಿಗಳನ್ನು ಕುರಿತ ಭಾರತೀಯ ಲೆಕ್ಕಪತ್ರ ಮಾನಕ 41, ನಿರ್ವಹಣೆಯಿಲ್ಲದ ಮೂಲಗಳಿಂದ ಹಿಡಿಯುವುದನ್ನು ಕೃಷಿ ಚಟುವಟಿಕೆಯೆಂದು ಪರಿಗಣಿಸುವುದಿಲ್ಲ. ಸಾಗರ ಮೀನುಗಾರಿಕೆಯನ್ನೇ ಅದು ಉದಾಹರಿಸುತ್ತದೆ. ತನ್ನ ಕೊಳದಲ್ಲಿ ಬಿಟ್ಟ ಮರಿಯನ್ನು ಉದ್ಯಮಿಯು ಆಸ್ತಿಯೆಂದು ತೋರಿಸಬಹುದು. ವಿಶಾಲ ಹಿನ್ನೀರಿಗೆ ಸಂಘವೊಂದು ಬಿಟ್ಟ ಮರಿಯ ಮೇಲೆ ಅದಕ್ಕೆ ಹತೋಟಿಯಿಲ್ಲವಾದ್ದರಿಂದ ಅದು ಖರ್ಚೇ ಆಗುತ್ತದೆ. ಹೀಗೆ ಜಲಾಶಯದ ಮೀನು ಯಾರ ಆಸ್ತಿ ಪಟ್ಟಿಯಲ್ಲಿಯೂ ಇಲ್ಲ, ಎಲ್ಲರ ಆದಾಯ ಪಟ್ಟಿಯಲ್ಲಿಯೂ ಇದೆ.

ತೀರ್ಥಹಳ್ಳಿಯ ಬಳಿ ತುಂಗೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ, ಶೃಂಗೇರಿಯ ಮಠದ ಮುಂದಿನ ಮಡುವಿನಲ್ಲಿ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಭಕ್ತಿಯ ಕಟ್ಟಳೆಯಾದರೂ ಲೆಕ್ಕದ ಭಾಷೆಯಲ್ಲಿ ಅದು ಮೀಸಲು ನಿಧಿ: ಅಲ್ಲಿ ಬೆಳೆದು ಮೊಟ್ಟೆಯಿಟ್ಟ ಮೀನಿನ ಸಂತತಿ ಕೆಳಗಿನ ಹೊಳೆಗೂ ಹಂಚಿಕೆಯಾಗುತ್ತದೆ. ನಾಗೋಡಿಹೊಳೆ, ಹುರುಳಿಹೊಳೆಗಳು ಹಿನ್ನೀರನ್ನು ಸೇರುವ ಮುಖಗಳಲ್ಲಿ ಮಳೆಗಾಲದ ಮಟ್ಟಿಗಾದರೂ ಇಂತಹ ಮೀಸಲನ್ನು ಮೀನುಗಾರರ ಸಂಘಗಳೂ ಗ್ರಾಮ ಪಂಚಾಯಿತಿಗಳೂ ಕೂಡಿ ಏರ್ಪಡಿಸಿಕೊಂಡರೆ, ಮರಿ ಖರೀದಿಯ ವೆಚ್ಚದಲ್ಲಿ ಸ್ವಲ್ಪ ಭಾಗ ಉಳಿದೀತು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡಿತು. ಲಾಂಚಿಗಾಗಿ ಕಾಯುತ್ತಿದ್ದ ತುಮರಿ, ಸಿಗಂದೂರು ಭಾಗಕ್ಕೆ ಸಾಗರದಿಂದ ನೇರ ರಸ್ತೆಯಾಯಿತು. ಅದೇ ರಸ್ತೆ ನಿಟ್ಟೂರಿನ ಸೀಮೆಯ ಮೂಲಕ ಕೊಲ್ಲೂರಿನತ್ತ ಸಾಗುತ್ತದೆ. ಮೊದಲು ದಡದಲ್ಲಿಯೇ ಸ್ಥಳೀಯವಾಗಿ ಮಾರಾಟವಾಗುತ್ತಿದ್ದ ಮೀನು ಇನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ದೂರದ ಪೇಟೆಗಳನ್ನು ತಲಪಬಲ್ಲದು. ಬೆಲೆ ಏರಿದರೆ ಬಲೆಗಳೂ ಹೆಚ್ಚುತ್ತವೆ. ಹೀಗಾಗಿ ಹಿನ್ನೀರಿನ ದಡದಲ್ಲಿ ಖರೀದಿ ಕೇಂದ್ರ ತೆರೆಯಲು ಉದ್ದೇಶಿಸಿರುವವರು ಮೊದಲ ದಿನದಿಂದಲೇ ನಾಲ್ಕು ಅಂಕಣಗಳ ಪುಸ್ತಕವೊಂದನ್ನು ಇಡುವುದು ಲೇಸು: ದಿನಾಂಕ, ನೀರಿಗಿಳಿದ ಬಲೆಗಳ ಸಂಖ್ಯೆ, ಜಾತಿವಾರು ತೂಕ, ಹಿಡಿದ ಮೀನಿನ ಸರಾಸರಿ ಗಾತ್ರ. ಮೂರನೆಯ ವರ್ಷದ ಕೊನೆಗೆ ಎರಡನೆಯ ಅಂಕಣ ಏರಿ ನಾಲ್ಕನೆಯದು ಇಳಿದಿದ್ದರೆ, ಆ ವರ್ಷದ ಲಾಭದಲ್ಲಿ ಎಷ್ಟು ಭಾಗ ಅಸಲಿನದು ಎಂದು ಕೇಳಿಕೊಳ್ಳಲು ಬೇಕಾದ ಆಧಾರ ಅದೇ ಪುಸ್ತಕದಲ್ಲಿರುತ್ತದೆ.